ಕಾರ್ಡಿನಲ್ಲಿ ಮನೆ ಖಾಲಿ ಇಲ್ಲ

ಎಲ್ಲಕ್ಕೂ ಕಾರಣ ಕಟ್ಟಡದ ಮಾಲೀಕರ ದವಡೆ ಹಲ್ಲು. ಅದೊಂದು ಇನ್ನೆರಡು ದಿನ ತೆಪ್ಪಗಿದ್ದಿದ್ದರೆ ಕಾಂಪೌಂಡರ ಸಂಸಾರ ನೆಟ್ಟಗಿರುತ್ತಿತ್ತು.

ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿ ಹಲ್ಲಿನ ಆಸ್ಪತ್ರೆ. ಒಳಕೋಣೆ ಡಾಕ್ಟರಮ್ಮನದು. ರೋಗಿಗಳು ಕೆನ್ನೆ ಹಿಡಿದುಕೊಂಡು ಕೂರುವ ಹೊರಕೋಣೆ ಕಾಂಪೌಂಡರದು. ಚೀಟಿ ಕೊಡುವುದು, ಹೆಸರು ಕೂಗುವುದು, ಇಕ್ಕಳ ಕುದಿಸುವುದು, ಒಳಗಿನಿಂದ ಯಾರಾದರೂ ಕಿರುಚಿದಾಗ ಹೊರಗಿದ್ದವರಿಗೆ "ಏನಿಲ್ಲ, ಅವರ ದನಿಯೇ ಹಾಗೆ" ಎಂದು ಧೈರ್ಯ ಹೇಳುವುದು, ಇವೆಲ್ಲ ಅವರ ಕೆಲಸ. ಮೊದಲ ಮೂರು ಸಲೀಸು. ನಾಲ್ಕನೆಯದನ್ನು ಯಾರೂ ನಂಬುತ್ತಿರಲಿಲ್ಲ. ಒಂದು ಕಿರುಚಾಟಕ್ಕೆ ಇಬ್ಬರಂತೆ ರೋಗಿಗಳು ಮೆಟ್ಟಿಲಿಳಿದು ಓಡುತ್ತಿದ್ದರು.

ಅದಕ್ಕೇ ಕಾಂಪೌಂಡರು ಮನೆಯಲ್ಲಿದ್ದ ತಮ್ಮ ಹಳೆಯ ವಿಡಿಯೋ ಗೇಮ್ ಪೆಟ್ಟಿಗೆಯನ್ನು ತಂದು ಹೊರಕೋಣೆಯ ಟೀವಿಗೆ ಜೋಡಿಸಿದರು. ಈ ಸಲಹೆ ಕೊಟ್ಟವರು ಅವರ ಹೆಂಡತಿ. "ಮನೇಲಿ ಅದನ್ನ ಕಂಡ್ರೆ ನನಗಾಗಲ್ಲ ರೀ. ಆಸ್ಪತ್ರೇಲಾದ್ರೂ ಇಡಿ, ನಾಲ್ಕು ಜನಕ್ಕೆ ಉಪಕಾರ ಆಗ್ಲಿ" ಎಂದಿದ್ದರು. ಪೆಟ್ಟಿಗೆಗೆ ವಯಸ್ಸಾಗಿತ್ತು. ಮುಚ್ಚಳ ನಿಲ್ಲದೆ ರಬ್ಬರ್ ಬ್ಯಾಂಡ್ ಹಾಕಬೇಕಾಗಿತ್ತು. ಇದ್ದದ್ದು ಒಂದೇ ಒಂದು ಆಟ. ಆಮೆಯೊಂದು ಏಳು ದ್ವೀಪ ದಾಟಿಕೊಂಡು, ಮುತ್ತು ಹೆಕ್ಕಿಕೊಂಡು, ಕೊನೆಗೆ ಏಡಿ ರಾಜನ ಜೊತೆ ಗುದ್ದಾಡುವ ಆಟ.

ಆ ಪೆಟ್ಟಿಗೆಗೆ ಸ್ವಂತ ನೆನಪಿರಲಿಲ್ಲ. ಸ್ವಿಚ್ ಆರಿಸಿದರೆ ಮುಗಿಯಿತು, ಆಮೆ ಮತ್ತೆ ಮೊದಲ ದ್ವೀಪದ ಮರಳಲ್ಲಿ ಕಣ್ಣು ಬಿಡುತ್ತಿತ್ತು. ನೆನಪೆಲ್ಲ ಇದ್ದದ್ದು ಮುಂದೆ ಸಿಕ್ಕಿಸುವ, ಬೆಂಕಿಪೊಟ್ಟಣದಷ್ಟು ದೊಡ್ಡ ಮೆಮೊರಿ ಕಾರ್ಡಿನಲ್ಲಿ. ಅದರಲ್ಲಿ ಹದಿನೈದು ಆಟ ಉಳಿಸಿಡಬಹುದಿತ್ತು. ಆ ಜಾಗಗಳನ್ನು ರೋಗಿಗಳು 'ಮನೆ' ಎನ್ನುತ್ತಿದ್ದರು. ಒಂದೊಂದು ಮನೆಗೆ ಮೂರಕ್ಷರದ ಹೆಸರು, ಪಕ್ಕದಲ್ಲಿ ಎಷ್ಟನೇ ದ್ವೀಪ, ಎಷ್ಟು ಮುತ್ತು ಎಂಬ ಲೆಕ್ಕ.

ಅಲ್ಲಿಂದ ಮುಂದೆ ರೋಗಿಗಳು ಓಡಿಹೋಗುವುದು ನಿಂತಿತು. ಒಳಗೆ ಹೋಗುವುದೂ ನಿಂತಿತು. ಕಾಂಪೌಂಡರು ಹೆಸರು ಕೂಗಿದರೆ "ಅವರು ಹೋಗ್ಲಿ, ನನ್ನದು ಅಷ್ಟೇನೂ ನೋವಿಲ್ಲ" ಎಂದು ಒಬ್ಬರು, "ಹಿರಿಯರು ಮೊದಲು" ಎಂದು ಇನ್ನೊಬ್ಬರು. ಕಟ್ಟಿದ ಹಲ್ಲು ಸಡಿಲ ಎಂದು ಬಂದ ನಿವೃತ್ತ ಟೀಚರಮ್ಮ ವಾರಗಟ್ಟಲೆ ಅದನ್ನು ಸಡಿಲವಾಗಿಯೇ ಇಟ್ಟುಕೊಂಡು ಐದನೇ ದ್ವೀಪ ತಲುಪಿದ್ದರು. ಕೀಳಲೇಬೇಕಾದ ಹಲ್ಲಿನ ಲಾರಿ ಡ್ರೈವರ್, ಊರೂರು ಸುತ್ತಿ ಬಂದು ಲಾರಿ ನಿಲ್ಲಿಸಿದವನೇ ನೇರ ಆಸ್ಪತ್ರೆಗೆ ಹತ್ತುತ್ತಿದ್ದ, ಸಂಜೆಯವರೆಗೆ ಆಮೆ ಓಡಿಸಿ, ಹಲ್ಲಿನ ಸಮೇತ ಮನೆಗೆ ಹೋಗುತ್ತಿದ್ದ.

ಒಳಗೆ ಖಾಲಿ ಕುರ್ಚಿಯ ಪಕ್ಕ ನಿಂತು ನಿಂತು ಡಾಕ್ಟರಮ್ಮನಿಗೆ ರೇಗುತ್ತಿತ್ತು. "ಕಾಂಪೌಂಡರೇ, ಹೊರಗೆ ಜಾತ್ರೆ ಆಗ್ತಿದೆ, ಒಳಗೆ ನೊಣ ಇಲ್ಲ. ಇನ್ನೊಂದು ಗಲಾಟೆ ಆದ್ರೆ ಆ ಪೆಟ್ಟಿಗೆ ಕಿಟಕಿಯಿಂದ ಹೊರಗೆ. ಅದರ ಹಿಂದೆ ನೀವು" ಎಂದು ಮೊನ್ನೆಯಷ್ಟೇ ಹೇಳಿದ್ದರು.

ಇಂಥ ಸಮಯದಲ್ಲಿ, ಬೆಳಿಗ್ಗೆ ಬಾಗಿಲು ತೆಗೆದು ಒಂದು ಗಂಟೆಯಾಗಿರಬಹುದು, ಕಟ್ಟಡದ ಮಾಲೀಕರು ಕುಂಬಳಕಾಯಿಯಂಥ ಕೆನ್ನೆ ಹೊತ್ತುಕೊಂಡು ಮೆಟ್ಟಿಲು ಹತ್ತಿ ಬಂದರು.

ಡಾಕ್ಟರಮ್ಮ ಬಾಯಿ ತೆಗೆಸಿ ನೋಡಿ, ಮಾತ್ರೆ ಕೊಟ್ಟು, "ಊತ ಸ್ವಲ್ಪ ಇಳೀಲಿ, ಊಟದ ಬಿಡುವು ಮುಗಿದ ಮೇಲೆ ಕೀಳೋಣ, ಹೊರಗೆ ಕೂತಿರಿ" ಎಂದರು. ಮಾಲೀಕರು ಅತ್ತ ಹೋದದ್ದೇ ಕಾಂಪೌಂಡರನ್ನು ಕರೆದು ಪಿಸುಗುಟ್ಟಿದರು. "ಈ ತಿಂಗಳು ಬಾಡಿಗೆ ಕರಾರು ಹೊಸದಾಗಿ ಬರೆಸ್ಬೇಕು. ಅವರು ಏನು ಕೇಳಿದ್ರೂ ಇಲ್ಲ ಅನ್ಬೇಡಿ."

"ಆಯ್ತಮ್ಮ" ಎಂದು ಕಾಂಪೌಂಡರು ಹೊರಗೆ ಬರುವಷ್ಟರಲ್ಲಿ ಮಾಲೀಕರು ಟೀಚರಮ್ಮನ ಕೈಯಿಂದ ರಿಮೋಟು ಇಸಕೊಂಡಾಗಿತ್ತು. ಆಮೆ ಓಡಿಸುವ ಆ ಗುಂಡಿಗಳ ಹಿಡಿಕೆಯನ್ನು ಅಲ್ಲಿ ಎಲ್ಲರೂ ರಿಮೋಟು ಎಂದೇ ಕರೆಯುತ್ತಿದ್ದದ್ದು.

ಮೊದಲ ಅರ್ಧ ಗಂಟೆ ಅವರ ಆಮೆ ಸಮುದ್ರಕ್ಕೆ ಬೀಳುವುದನ್ನು ಬಿಟ್ಟು ಬೇರೇನೂ ಮಾಡಲಿಲ್ಲ. ಆಮೇಲೆ ಅದೇನು ಅದೃಷ್ಟವೋ, ಮೂಲೆಯ ಬಂಡೆಗೆ ಢಿಕ್ಕಿ ಹೊಡೆದಾಗ ಗುಪ್ತ ಬಾಗಿಲೊಂದು ತೆರೆದು ಆಮೆ ಸೀದಾ ಮೂರನೇ ದ್ವೀಪಕ್ಕೆ ಹೋಗಿ ಬಿತ್ತು. ಕೋಣೆಯಲ್ಲಿದ್ದವರೆಲ್ಲ 'ಹೋ' ಎಂದರು. ಮಾಲೀಕರಿಗೆ ಹಲ್ಲು ನೋವು ಮರೆತುಹೋಯಿತು.

"ಏನಯ್ಯಾ, ಇದನ್ನ ಇಟ್ಟಿರೋಕೆ ಆಗುತ್ತಂತಲ್ಲ? ನನ್ನದನ್ನ ಇಟ್ಟಿರು. ನಾಳೆ ಬಂದು ಇಲ್ಲಿಂದಲೇ ಆಡ್ತೀನಿ."

ಕಾಂಪೌಂಡರು ಗುಂಡಿ ಒತ್ತಿದರು. ಪರದೆಯ ಮೇಲೆ ಹದಿನೈದು ಹೆಸರು ಸಾಲಾಗಿ ಮೂಡಿದವು. ಹದಿನಾರನೆಯದಕ್ಕೆ ಜಾಗವಿರಲಿಲ್ಲ.

"ಸರ್, ಕಾರ್ಡಿನಲ್ಲಿ ಮನೆ ಖಾಲಿ ಇಲ್ಲ."

"ಖಾಲಿ ಇಲ್ಲಾಂದ್ರೆ ಖಾಲಿ ಮಾಡಿಸು. ಅದೇನು ಕಷ್ಟ? ನಾನು ಎಷ್ಟು ಜನರನ್ನ ಮಾಡಿಸಿಲ್ಲ!"

ಆ ಮಾತು ಬಿದ್ದದ್ದೇ ಕೋಣೆಯಲ್ಲಿ ಎಲ್ಲರೂ ಎದ್ದು ನಿಂತರು.

"ನನ್ನದು ಮುಟ್ಟಿದ್ರೆ ನೋಡಿ" ಎಂದರು ಟೀಚರಮ್ಮ. ಸಿಟ್ಟಿಗೆ ಅವರ ಕಟ್ಟಿದ ಹಲ್ಲು ಟಕ್ಕೆಂದಿತು. "ಐದನೇ ದ್ವೀಪಕ್ಕೆ ಬರೋಕೆ ನಾನು ಪಟ್ಟ ಪಾಡು ನಾಲ್ಕು ಮಕ್ಕಳನ್ನ ಸಾಕೋವಾಗಲೂ ಪಟ್ಟಿಲ್ಲ."

"ಅಣ್ಣ, ನಂದು ನಾಲ್ಕನೇ ದ್ವೀಪ" ಎಂದ ಲಾರಿ ಡ್ರೈವರ್. ಅವನು ಮೆಲ್ಲಗೆ ಹೇಳಿದ. ಅವನ ತೋಳು ನೋಡಿದವರಿಗೆ ಅವನು ಜೋರಾಗಿ ಹೇಳುವ ಅಗತ್ಯ ಕಾಣುತ್ತಿರಲಿಲ್ಲ.

"ಆ ಮೇಲುಗಡೆದು ಯಾರದು? ಎ, ಎ, ಎ?" ಎಂದು ಮಾಲೀಕರು ಬೆರಳು ಮಾಡಿದರು. "ಅದನ್ನ ತೆಗಿ."

ಎಲ್ಲರೂ ಅತ್ತ ನೋಡಿದರು. ಕಾರ್ಡಿನ ಮೊದಲ ಮನೆ ಅದು. ಎಲ್ಲರಿಗಿಂತ ಹೆಚ್ಚು ಮುತ್ತು ಅದರಲ್ಲೇ ಇತ್ತು. ಏಳನೇ ದ್ವೀಪ, ಅಂದರೆ ಏಡಿ ರಾಜನ ಗುಹೆಯ ಬಾಗಿಲಿಗೇ ಹೋಗಿ ನಿಂತಿರಬೇಕು. ಆದರೆ ಅದನ್ನು ಆಡುವವರನ್ನು ಇದುವರೆಗೆ ಯಾರೂ ಕಂಡಿರಲಿಲ್ಲ. ಬೆಳಿಗ್ಗೆಯ ರೋಗಿಗಳು ಸಂಜೆಯವರದಿರಬೇಕು ಎಂದುಕೊಂಡಿದ್ದರು, ಸಂಜೆಯವರು ಬೆಳಿಗ್ಗೆಯವರದು ಎಂದುಕೊಂಡಿದ್ದರು.

ಟೀಚರಮ್ಮ ಒಳಕೋಣೆಯ ಬಾಗಿಲ ಕಡೆ ಕಣ್ಣು ಹೊರಳಿಸಿ ದನಿ ತಗ್ಗಿಸಿದರು. "ಇಷ್ಟು ಕೈಚಳಕ ಯಾರಿಗಿರುತ್ತೆ? ದಿನಾ ಇಕ್ಕಳ ಹಿಡಿಯೋರಿಗೆ. ನಾವೆಲ್ಲ ಹೋದ ಮೇಲೆ ಅವರೇ ಆಡ್ತಾರೆ. ಮೇಲೆ ಮಾತ್ರ ನಮ್ಮನ್ನ ಬೈಯೋದು."

ಕಾಂಪೌಂಡರು ಗುಂಡಿಯಿಂದ ಬೆರಳು ಹಿಂದಕ್ಕೆ ತೆಗೆದರು. ಡಾಕ್ಟರಮ್ಮನ ಆಮೆ! ಅದಕ್ಕೆ ಕೈ ಹಚ್ಚುವುದೂ ಒಂದೇ, ಅವರ ಬಾಯಿಗೆ ಬೀಳುವುದೂ ಒಂದೇ. ಮಾಲೀಕರಿಗೂ 'ಇಲ್ಲ' ಎನ್ನುವಂತಿಲ್ಲ. ಅಡಕತ್ತರಿಯ ನಡುವಿನ ಅಡಕೆಯಂತಾದ ಕಾಂಪೌಂಡರು ಕೊನೆಗೆ ಹೇಳಿದರು. "ಸರ್, ಯಾರನ್ನೂ ಎಬ್ಬಿಸೋದು ಬೇಡ. ಊಟದ ಬಿಡುವಲ್ಲಿ ಇನ್ನೊಂದು ಕಾರ್ಡು ತರ್ತೀನಿ. ಅದರಲ್ಲಿ ನೀವೊಬ್ಬರೇ ಇರಬಹುದು."

"ಅಲ್ಲೀವರೆಗೆ?"

"ಅಲ್ಲೀವರೆಗೆ ಆಟ ನಿಲ್ಲಿಸಿ ಇಟ್ಟಿರೋಣ. ಸ್ವಿಚ್ ಮಾತ್ರ ಯಾರೂ ಮುಟ್ಟಬಾರದು."

ಮಾಲೀಕರು ಪೆಟ್ಟಿಗೆಯ ಪಕ್ಕ ಕುರ್ಚಿ ಎಳೆದುಕೊಂಡು, ತವರಿನಿಂದ ಬಂದ ಪಾತ್ರೆ ಕಾಯುವ ಮದುಮಗಳ ಹಾಗೆ ಸ್ವಿಚ್ಚಿನ ಮೇಲೆ ಕೈ ಅಡ್ಡ ಇಟ್ಟು ಕೂತರು.

ಮಧ್ಯಾಹ್ನ ಎಂದಿನಂತೆ ಕಾಂಪೌಂಡರ ಹೆಂಡತಿ ಊಟದ ಕ್ಯಾರಿಯರ್ ಹಿಡಿದುಕೊಂಡು ಬಂದರು. ದಿನವೂ ಆ ಹೊತ್ತಿಗೆ ರೋಗಿಗಳು ಖಾಲಿಯಾಗಿರುತ್ತಿದ್ದರು, ಡಾಕ್ಟರಮ್ಮ ಮನೆಗೆ ಹೋಗಿರುತ್ತಿದ್ದರು. ಕಾಂಪೌಂಡರು ಹಿಂದಿನ ಕೋಣೆಯಲ್ಲಿ ಉಂಡು, ಸ್ವಲ್ಪ ಕಾಲು ಚಾಚುತ್ತಿದ್ದರು. ಇವತ್ತು ಮಾಲೀಕರು ಕೂತಿದ್ದನ್ನು ಕಂಡು ಹೆಂಡತಿಯ ಮುಖ ಸಪ್ಪಗಾಯಿತು.

"ಇವರು ಹೋಗಲ್ವಾ?"

"ಹೋಗಲ್ಲ ಕಣೇ. ನನಗೆ ಊಟಕ್ಕೂ ಪುರುಸೊತ್ತಿಲ್ಲ, ಪೇಟೆಗೆ ಓಡ್ಬೇಕು. ನೀನು ಮನೆಗೆ ಹೋಗು."

ಅವರು ಕ್ಯಾರಿಯರನ್ನು ಮೇಜಿನ ಮೇಲೆ ಕುಕ್ಕಿ, ಮಾಲೀಕರನ್ನು ದುರುಗುಟ್ಟಿ ನೋಡಿ ಮೆಟ್ಟಿಲಿಳಿದರು. ಮಾಲೀಕರ ಕೆನ್ನೆ ನೋಡಿ ಹೆದರಿರಬೇಕು ಎಂದುಕೊಂಡರು ಕಾಂಪೌಂಡರು.

ಪೇಟೆಯಲ್ಲಿ ಹಳೇ ರೇಡಿಯೋ, ಹಳೇ ಫ್ಯಾನು ಮಾರುವ ರಿಪೇರಿ ಅಂಗಡಿಯೊಂದಿತ್ತು. ಅಂಗಡಿಯವನು ವೈರುಗಳ ರಾಶಿಯೊಳಗೆ ಮೊಣಕೈವರೆಗೆ ಕೈ ಹಾಕಿ, ಗಿಳಿಹಸಿರು ಬಣ್ಣದ ಒಂದು ಕಾರ್ಡು ತೆಗೆದ.

"ಇದು ಒರಿಜಿನಲ್ಲಾ?"

"ಒರಿಜಿನಲ್‌ಗೆ ಇದನ್ನ ನೋಡಿದ್ರೆ ನಾಚಿಕೆ ಆಗುತ್ತೆ ಸಾರ್."

"ಎಷ್ಟು ಮನೆ ಇವೆ ಇದರಲ್ಲಿ?"

"ಊರೇ ಕಟ್ಟಬಹುದು. ಆದ್ರೆ ಹೊಸ ಕಾರ್ಡು ನೋಡಿ, ಹಾಕಿದ ತಕ್ಷಣ ಫಾರ್ಮ್ಯಾಟ್ ಮಾಡ್ಲಾ, ಒಳಗಿರೋದೆಲ್ಲ ಒರೆಸಿ ಸಿದ್ಧ ಮಾಡ್ಲಾ ಅಂತ ಪೆಟ್ಟಿಗೆ ಕೇಳುತ್ತೆ. ಏನು ಕೇಳಿದ್ರೂ ಹೂಂ ಅನ್ನಿ. ಮದುವೆ ಆಗಿದೆ ತಾನೆ ನಿಮಗೆ?"

"ಆಗಿದೆ."

"ಹಾಗಾದ್ರೆ ಅಭ್ಯಾಸ ಇರುತ್ತೆ ಬಿಡಿ."

ಕಾಂಪೌಂಡರು ಏದುಸಿರು ಬಿಡುತ್ತ ವಾಪಸ್ಸು ಬರುವ ಹೊತ್ತಿಗೆ ಬಿಡುವು ಮುಗಿದು ಹೊರಕೋಣೆ ಮತ್ತೆ ತುಂಬಿತ್ತು. ಹೊಸ ಕಾರ್ಡು ನೋಡಬೇಕೆಂದು ಕೆಳಗಿನ ಚಪ್ಪಲಿ ಅಂಗಡಿಯವರೂ ಬಂದು ನಿಂತಿದ್ದರು. ಡಾಕ್ಟರಮ್ಮ ಮಾಲೀಕರ ಒಸಡಿಗೆ ಆಗಲೇ ಇಂಜೆಕ್ಷನ್ ಕೊಟ್ಟು, ಮರಗಟ್ಟುವ ತನಕ ಹೊರಗಿರಿ ಎಂದು ಕಳಿಸಿದ್ದರು. ಅವರ ಅರ್ಧ ಮುಖ ಅವರದಾಗಿರಲಿಲ್ಲ. ತುಟಿ ಒಂದು ಕಡೆ ಜೋತುಬಿದ್ದು, ಮಾತು ನೆನೆದ ಹಪ್ಪಳದಂತಾಗಿತ್ತು.

"ಬೇಯ ಬೇಯ" ಎಂದರು. ಬೇಗ ಬೇಗ ಎಂದು ಅರ್ಥ.

ಕಾಂಪೌಂಡರು ಹಸಿರು ಕಾರ್ಡನ್ನು ಪೆಟ್ಟಿಗೆಯ ಎರಡನೇ ಕಂಡಿಗೆ ಸಿಕ್ಕಿಸಿದರು. ಪರದೆಯ ಮೇಲೆ ಎರಡು ಕಾರ್ಡುಗಳ ಚಿತ್ರ ಬಂತು. ಎಡಕ್ಕೆ ಹಳೆಯದು, ಬಲಕ್ಕೆ ಹೊಸದು. ಕೆಳಗೆ 'ಫಾರ್ಮ್ಯಾಟ್?' ಎಂಬ ಪ್ರಶ್ನೆ. ಪುಟ್ಟ ಬಾಣದ ಗುರುತೊಂದು ಎಡಗಡೆ ಮಿಣಮಿಣ ಎನ್ನುತ್ತಿತ್ತು.

"ನಡುವಿನ ಗುಂಡಿ ಒತ್ತಿ" ಎಂದರು ಟೀಚರಮ್ಮ.

"ಅದಲ್ಲ ಅಣ್ಣ, ಗುಂಡಗಿರೋದು" ಎಂದ ಡ್ರೈವರ್.

"ಒಂದ್ಸಲ ಆರಿಸಿ ಹಾಕಿ, ಎಲ್ಲಾ ಸರಿಹೋಗುತ್ತೆ" ಎಂದರು ಚಪ್ಪಲಿ ಅಂಗಡಿಯವರು. ಅವರನ್ನು ನಾಲ್ಕೈದು ಜನ ಸೇರಿ ಹಿಂದಕ್ಕೆ ತಳ್ಳಿದರು.

ಬಾಣ ಯಾವ ಕಡೆ ಇದೆ ಎಂದು ಗಮನಿಸಿದವರು ಮಾಲೀಕರೊಬ್ಬರೇ. ಬಾಡಿಗೆದಾರರ ಮನೆಯ ಗೋಡೆಗೆ ಮೊಳೆ ಹೊಡೆದದ್ದನ್ನೂ ಬೀದಿಯಿಂದಲೇ ಕಂಡುಹಿಡಿಯುವ ಕಣ್ಣು ಅದು. ಅವರು ದಡಬಡಿಸಿ ಎದ್ದು, ಜೋತುಬಿದ್ದ ತುಟಿಯಲ್ಲೇ ಕೂಗಿದರು. "ಎಯ ಅಯ್ಯ! ಬಯ! ಬಯ!"

ಎಡ ಅಲ್ಲ, ಬಲ ಎಂದು ಅವರು ಹೇಳಿದ್ದು. ಕಾಂಪೌಂಡರು ಎಷ್ಟೋ ವರ್ಷದಿಂದ ಇಂಜೆಕ್ಷನ್ ತೆಗೆದುಕೊಂಡವರ ಮಾತು ಕೇಳಿದವರು. ಅವರಿಗೆ ತಕ್ಷಣ ಅರ್ಥವಾಯಿತು.

"ಭಯ ಪಡಬೇಡಿ ಸರ್" ಎಂದರು ಮೃದುವಾಗಿ. "ಡಾಕ್ಟರಮ್ಮನ ಕೈ ಬಹಳ ಹಗುರ. ಕಿತ್ತದ್ದೇ ಗೊತ್ತಾಗಲ್ಲ."

ಹೀಗೆಂದು ಗುಂಡಿ ಒತ್ತಿದರು. ನಿಜವಾಗಿಯೂ ಗೊತ್ತೇ ಆಗಲಿಲ್ಲ.

ಒಂದು ನೀಲಿ ಗೆರೆ ಎಡದಿಂದ ಬಲಕ್ಕೆ ಸರಸರ ಹರಿಯಿತು. ಆಮೇಲೆ ಪೆಟ್ಟಿಗೆ ಬಹಳ ಸಂತೋಷದ ದನಿಯಲ್ಲಿ 'ಟಿಣ್' ಎಂದಿತು. ಎಡಗಡೆಯ ಕಾರ್ಡು ತೊಳೆದಿಟ್ಟ ತಟ್ಟೆಯಂತೆ ಖಾಲಿಯಾಗಿತ್ತು.

ಆಟ ಉಳಿಸಲೇ ಎಂಬ ಮುಂದಿನ ಪ್ರಶ್ನೆ ಪರದೆಯ ಮೇಲೆ ಬಂದಾಗ ಕಾಂಪೌಂಡರ ಕೈ ಅಂಗಡಿಯವನ ಮಾತಿನಂತೆ ತಾನಾಗಿಯೇ ಇನ್ನೊಮ್ಮೆ ಹೂಂ ಎಂದಿತು. ಮಾಲೀಕರ ಆಟ ಹಳೇ ಕಾರ್ಡಿನ ಮೊದಲ ಮನೆಯಲ್ಲಿ ಭದ್ರವಾಗಿ ಹೋಗಿ ಕೂತಿತು. ಊರೆಲ್ಲ ನೆಲಸಮವಾಗಿ ಅವರ ಬಂಗಲೆ ಒಂದೇ ಉಳಿದ ಹಾಗಿತ್ತು ನೋಡಲು.

"ನನ್ನ ಐದನೇ ದ್ವೀಪ..." ಎಂದರು ಟೀಚರಮ್ಮ. ಕಟ್ಟಿದ ಹಲ್ಲನ್ನು ಬಾಯಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಹೊಡೆಯಲು ಅವರ ಬಳಿ ಬೇರೇನೂ ಇರಲಿಲ್ಲ.

ಗಲಾಟೆ ಎದ್ದಿತು. ಒಬ್ಬರು ಕಾಂಪೌಂಡರ ಕಾಲರ್ ಹಿಡಿದರು, ಇನ್ನೊಬ್ಬರು ಕಾಲರ್ ಹಿಡಿದವರನ್ನು ಹಿಡಿದರು. ಯಾರೋ ಹಸಿರು ಕಾರ್ಡನ್ನು ಕಿತ್ತು ಕಿಟಕಿಯಿಂದ ಎಸೆದರು. ಅದು ಕೆಳಗೆ ಚಪ್ಪಲಿ ಕೊಳ್ಳುತ್ತಿದ್ದವರ ತಲೆಗೆ ಬಡಿದು ಅಲ್ಲಿಂದಲೂ ಬೈಗುಳ ಮೇಲೆ ಬಂತು. ಅಷ್ಟರಲ್ಲಿ ಒಳಬಾಗಿಲು ದಡಾರನೆ ತೆರೆಯಿತು. ಇಕ್ಕಳ ಹಿಡಿದ ಡಾಕ್ಟರಮ್ಮ!

"ಏನಿದು?"

ಕಾಂಪೌಂಡರು ಕಾಲರ್ ಬಿಡಿಸಿಕೊಳ್ಳುತ್ತಿದ್ದರು. ಅವರ ಪರವಾಗಿ ಉತ್ತರ ಕೊಟ್ಟವನು ಲಾರಿ ಡ್ರೈವರ್. ಅವನ ಕಣ್ಣಲ್ಲಿ ನೀರಿತ್ತು.

"ಏನೂ ಇಲ್ಲ ಡಾಕ್ಟ್ರೇ. ಆಮೆನೇ ಹೋದ್ಮೇಲೆ ಈ ಹಲ್ಲಿಟ್ಕೊಂಡು ನಾನೇನು ಮಾಡ್ಲಿ? ಕಿತ್ತಾಕಿ" ಎಂದವನೇ ಸೀದಾ ಒಳಗೆ ಹೋಗಿ ಕುರ್ಚಿಯಲ್ಲಿ ಕೂತುಬಿಟ್ಟ.

ಡಾಕ್ಟರಮ್ಮ ಬೆರಗಾದರು. ಈ ಹಲ್ಲಿಗಾಗಿ ಅವರು ಎಷ್ಟು ತಿಂಗಳಿಂದ ಕಾದಿದ್ದರೋ. ಅವನ ಹಿಂದೆ ಟೀಚರಮ್ಮ, "ನನ್ನದೂ ಬಿಗಿ ಮಾಡಿಬಿಡಿ, ಇನ್ನು ಇಲ್ಲಿಗೆ ಬಂದು ಆಗಬೇಕಾದ್ದೇನು" ಎಂದು ಮೂಗು ಸೀಟಿಕೊಂಡರು. ಅವರ ಹಿಂದೆ ಉಳಿದವರು. ಆಡಲು ಏನೂ ಇಲ್ಲದಾಗ ನೋವು ನೆನಪಾಗುತ್ತದೆ. ಹೊರಕೋಣೆಯಲ್ಲಿದ್ದ ಅಷ್ಟೂ ಬಾಯಿ ಅಂದು ಸಂಜೆಯೊಳಗೆ ರಿಪೇರಿಯಾಯಿತು. ಮಾಲೀಕರೂ ಹಲ್ಲು ಕೀಳಿಸಿಕೊಂಡು, ಹತ್ತಿ ಕಚ್ಚಿಕೊಂಡು, ತಮ್ಮ ಆಟ ಉಳಿದಿದೆಯೆಂದು ಇನ್ನೊಮ್ಮೆ ನೋಡಿ, ಕರಾರಿನ ಮಾತಿಗೆ ತಲೆಯಾಡಿಸಿ ಇಳಿದುಹೋದರು.

ಎಲ್ಲ ಮುಗಿದ ಮೇಲೆ ಡಾಕ್ಟರಮ್ಮ ಕಾಂಪೌಂಡರನ್ನು ಒಳಗೆ ಕರೆದರು. ಕಾಂಪೌಂಡರು ಚೀಲ ಸಿದ್ಧಮಾಡಿಕೊಂಡೇ ಹೋದರು.

"ಅಮ್ಮಾ, ತಪ್ಪಾಯ್ತು. ಅವರೆಲ್ಲರ ಜೊತೆ ನಿಮ್ಮದೂ ಅಳಿಸಿಹೋಯ್ತು."

"ನನ್ನದು ಏನು?"

"ನಿಮ್ಮ ಆಮೆ. ಏಳನೇ ದ್ವೀಪದ್ದು."

"ನಾನು ಆ ಆಮೆಯ ಮುಖ ಕೂಡ ಸರಿಯಾಗಿ ನೋಡಿಲ್ಲ ಕಾಂಪೌಂಡರೇ. ಅದು ಹೋಗ್ಲಿ. ನನ್ನ ಇಷ್ಟು ವರ್ಷದ ಕೆಲಸದಲ್ಲಿ ಇವತ್ತಿನಂಥ ದಿನ ಬಂದಿರಲಿಲ್ಲ. ಏನೋ ಒತ್ತಿದ್ರಂತಲ್ಲ, ಅದನ್ನ ಆಗಾಗ ಒತ್ತುತ್ತಿರಿ." ಡಾಕ್ಟರಮ್ಮ ನಗುತ್ತ ಕೈಗವಸು ಕಳಚಿದರು. "ಆದ್ರೆ ಒಂದು. ನಾಳೆಯಿಂದ ಚೀಟಿ ತಗೊಂಡ ರೋಗಿಗಳಿಗೆ ಮಾತ್ರ ಹೊರಕೋಣೆ. ಸುಮ್ಮನೆ ಬಂದು ಕೂರೋರು ಯಾರಾದ್ರೂ ಸರಿ, ಒಳಗೆ ಬಿಡಬೇಡಿ. ಮಧ್ಯಾಹ್ನ ಬಾಗಿಲಿಗೆ ಬೀಗ."

ಕಾಂಪೌಂಡರು ಹಕ್ಕಿಯಂತೆ ಹಗುರಾಗಿ ಮನೆಗೆ ಬಂದರು. ಕೆಲಸ ಉಳಿಯಿತು, ಪೆಟ್ಟಿಗೆ ಉಳಿಯಿತು, ಕರಾರೂ ಉಳಿಯಿತು. ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು, ಹೆಂಡತಿಗೆ ಎಲ್ಲವನ್ನೂ ನಟಿಸಿ ತೋರಿಸಿದರು. ಮಾಲೀಕರ ತುಟಿ, ಟೀಚರಮ್ಮನ ಹಲ್ಲು, ಡ್ರೈವರನ ಕಣ್ಣೀರು, ಡಾಕ್ಟರಮ್ಮನ ಹೊಸ ಕಟ್ಟಳೆ.

ಹೆಂಡತಿ ಸೌಟು ಆಡಿಸುವುದನ್ನು ನಿಲ್ಲಿಸಿದರು. "ಎಲ್ಲಾನೂ ಅಳಿಸಿಹೋಯ್ತಾ?"

"ಎಲ್ಲಾನೂ! ಒಂದೂ ಉಳಿದಿಲ್ಲ. ತಮಾಷೆ ಏನು ಗೊತ್ತಾ, ಎ ಎ ಎ ಅಂತ ಒಬ್ಬರಿದ್ರು. ಪಾಪ, ಏಡಿ ರಾಜನ ಬಾಗಿಲಿಗೆ ಹೋಗಿ ನಿಂತಿದ್ರು. ಅದು ಯಾರ ಆಮೆ ಅಂತ ಇವತ್ತಿನವರೆಗೂ..."

"ಬಾಗಿಲಲ್ಲ. ಬಾಗಿಲು ಮೊನ್ನೆನೇ ದಾಟಿ ಆಗಿತ್ತು" ಎಂದರು ಹೆಂಡತಿ. "ಏಡಿ ರಾಜನಿಗೆ ಇನ್ನು ಎರಡು ಏಟು ಬಾಕಿ ಇತ್ತು. ಇವತ್ತು ಮಧ್ಯಾಹ್ನ ಮುಗಿಸಿಬಿಡ್ತಿದ್ದೆ. ಆ ಮಾಲೀಕರು ಬಂದು ಕೂತಿದ್ರು."

ಕಾಂಪೌಂಡರು ಬಾಗಿಲ ಚೌಕಟ್ಟು ಹಿಡಿದುಕೊಂಡರು.

"ನೀನಾ? ನಿನಗೆ ಆ ಪೆಟ್ಟಿಗೆ ಕಂಡ್ರೆ ಆಗಲ್ಲ ಅಂದೆ?"

"ಮನೇಲಿ ಕಂಡ್ರೆ ಆಗಲ್ಲ ಅಂದೆ. ಮನೇಲಿದ್ದಷ್ಟು ದಿನ ಆ ರಿಮೋಟು ಒಂದ್ಸಲ ನನ್ನ ಕೈಗೆ ಕೊಟ್ಟಿದ್ರಾ? ಅಲ್ಲಾದ್ರೆ ನೀವು ಉಂಡು ಮಲಗ್ತೀರಿ, ನಾನು ಆಡ್ತೀನಿ."

"ಮತ್ತೆ ಎ ಎ ಎ ಅಂತ ಯಾಕೆ..."

"ಹೆಸರು ಬರಿಯೋಕೆ ನನಗೆಲ್ಲಿ ಪುರುಸೊತ್ತು? ನೀವು ಗೊರಕೆ ನಿಲ್ಲಿಸೋದರೊಳಗೆ ಮುಗಿಸಬೇಕು. ಸುಮ್ಮನೆ ಮೂರು ಸಲ ಒತ್ತಿದೆ."

ಅವರು ಒಲೆ ಆರಿಸಿದರು. ಸೌಟನ್ನು ಗಂಡನ ಕೈಗಿತ್ತರು. ಅಡುಗೆ ಅರ್ಧ ಬೆಂದಿತ್ತು.

"ಇದೇನು?"

"ನನಗೆ ಹಲ್ಲು ನೋವು."

"ಯಾವಾಗಿಂದ?"

"ಈಗಿಂದ. ರೋಗಿಗಳಿಗೆ ಮಾತ್ರ ಹೊರಕೋಣೆ ಅಂದ್ರಲ್ಲ, ನಾಳೆ ಮೊದಲನೇ ಚೀಟಿ ನನಗೆ. ಎಷ್ಟು ದಿನದ ಚಿಕಿತ್ಸೆ ಅಂತ ಏಡಿ ರಾಜ ಸತ್ತ ಮೇಲೆ ಹೇಳ್ತೀನಿ. ಅಲ್ಲೀವರೆಗೆ ಮನೆ, ಅಡುಗೆ, ಮಧ್ಯಾಹ್ನದ ಕ್ಯಾರಿಯರ್ ಎಲ್ಲಾ ನಿಮ್ಮದು."

ಹೀಗೆಂದು ಕೆನ್ನೆಯ ಮೇಲೆ ಕೈಯಿಟ್ಟುಕೊಂಡು ಒಳಗೆ ಹೋಗಿ, ಗೋಡೆ ಕಡೆ ಮುಖ ಮಾಡಿ ಮಲಗಿದರು.

ಕಾಂಪೌಂಡರು ಸೌಟು ಹಿಡಿದು ಅಡುಗೆಮನೆಯ ನಡುವೆ ನಿಂತರು. ಗೂಡಿನಲ್ಲಿ ಸಾಲಾಗಿ ಡಬ್ಬಿಗಳಿದ್ದವು. ಎಲ್ಲಕ್ಕೂ ಒಂದೇ ಥರದ ಮುಚ್ಚಳ. ಒಂದೊಂದಾಗಿ ತೆರೆದು ಮೂಸಿ ನೋಡಿ, ಎರಡು ಸಲ ಸೀನಿ, ಕೊನೆಗೆ ಮೆಲ್ಲಗೆ ಕೇಳಿದರು. "ಲೇ, ಉಪ್ಪು ಯಾವ ಡಬ್ಬೀಲಿದೆ?"

ಒಳಗಿನಿಂದ ನರಳಿಕೆ ಕೇಳಿಸಿತು. ಆಮೇಲೆ ಮಾತು ಬಂತು.

"ಹಲ್ಲು ನೋವಿರೋರನ್ನ ಮಾತಾಡಿಸಬಾರದು ರೀ. ಇಷ್ಟು ವರ್ಷ ಆಸ್ಪತ್ರೇಲಿದ್ದು ಅಷ್ಟೂ ಗೊತ್ತಿಲ್ವಾ?"